ಮೆಡಿಕಲ್‌ನಲ್ಲಿ 'ಯಾರಿಗೆ?' ಅಂತ ಕೇಳಿದರೆ ಬೇಜಾರಾಗಬೇಡಿ

ಗ್ರೂಪಿನ ಎಲ್ಲರಿಗೂ ನಮಸ್ಕಾರ. ನಾನು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. "ಮೈಕೈ ನೋವಿಗೆ ಒಂದು ಮಾತ್ರೆ ಕೊಡಿ" ಅಂದವರನ್ನು "ಯಾರಿಗೆ?" ಅಂತ ಕೇಳಿದರೆ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ಹೊರಗೆ ಬೈಕ್ ಆನ್‌ನಲ್ಲೇ ಇರುತ್ತದೆ, ಗೊತ್ತು.

ಆದರೆ ಕೌಂಟರಿಗೆ ಬರುವುದು ಮಗ, ಮಾತ್ರೆ ನುಂಗುವುದು ಅಮ್ಮ. ಅಮ್ಮನಿಗೆ ಬಿಪಿಯೋ ಕಿಡ್ನಿ ತೊಂದರೆಯೋ ಇದ್ದರೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬಿಪಿ ಏರಿಸಬಹುದು, ಕಿಡ್ನಿಗೂ ಪೆಟ್ಟು ಕೊಡಬಹುದು. ಜ್ವರವೂ ಇದೆಯಾ ಅಂತ ಕೇಳುವುದಕ್ಕೂ ಕಾರಣವಿದೆ: ಡೆಂಗಿ ಆಗಿದ್ದರೆ ಇಂಥ ಮಾತ್ರೆಯಿಂದ ರಕ್ತಸ್ರಾವದ ಅಪಾಯ ಹೆಚ್ಚು.

"ಬೆಳಿಗ್ಗೆಯಿಂದ ಏನು ತಗೊಂಡಿದ್ದೀರಿ?" ಅಂದರೆ ಉತ್ತರ "ಏನಿಲ್ಲ." ಇನ್ನೊಮ್ಮೆ ಕೇಳಿದರೆ, "ಡೋಲೋ ಒಂದು ಬಿಟ್ಟರೆ..." ಅದೇ ನಮಗೆ ಬೇಕಾದ ಮಾತು! ಡೋಲೋ ಅಂದರೆ ಪ್ಯಾರಾಸಿಟಮಾಲ್, ಜ್ವರ-ನೋವಿನ ಔಷಧ; ನೆಗಡಿ ಮಾತ್ರೆಗಳಲ್ಲೂ ಸಾಮಾನ್ಯವಾಗಿ ಅದೇ ಇರುತ್ತದೆ. ದಿನಕ್ಕೆ 650 ಮಿ.ಗ್ರಾಂನ ನಾಲ್ಕು ಡೋಲೋ, ಜೊತೆಗೆ 500 ಮಿ.ಗ್ರಾಂ ಇರುವ ಮೂರು ನೆಗಡಿ ಮಾತ್ರೆ ಅಂದರೆ 4,100 ಮಿ.ಗ್ರಾಂ. ದೊಡ್ಡವರಿಗೆ ದಿನದ ಮಿತಿ 4,000. ಲಿವರ್ ಸರಿಯಿಲ್ಲದವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ.

ಹಾಗಾಗಿ ಮನೆಯವರು ದಿನಾ ತಗೊಳ್ಳುವ ಮಾತ್ರೆಗಳ ಸ್ಟ್ರಿಪ್ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಹೆಸರು ಕಾಣುವ ಹಾಗೆ. "ಬಿಳಿ ಮಾತ್ರೆ, ಸಣ್ಣದು" ಅಂದರೆ ನಮಗೇನೂ ಹೊಳೆಯಲ್ಲ. ಮಗುವಿಗಾದರೆ ವಯಸ್ಸಿನ ಜೊತೆ ತೂಕವನ್ನೂ ಹೇಳಿ. ಬಸುರಿ, ಬಾಣಂತಿಯರಿಗಾದರೆ ನಾವು ಕೇಳುವ ಮೊದಲೇ ತಿಳಿಸಿ. ಎಲ್ಲರೆದುರು ಹೇಳಲು ಮುಜುಗರವಾದರೆ "ಸ್ವಲ್ಪ ಈ ಕಡೆ ಬನ್ನಿ" ಅಂತ ಕರೆಯಿರಿ, ಬರುತ್ತೇವೆ.