ಭಾನುವಾರಕ್ಕೊಂದು ಹಾಳೂರು: ನನ್ನ ಅನುಭವ

ನಾನು ಭೂಮಾಪಕ. ಕೊಪ್ಪಳ ಜಿಲ್ಲೆಯಲ್ಲಿ ಹನ್ನೊಂದು ವರ್ಷದಿಂದ ಹೊಲ ಅಳೆಯುತ್ತಿದ್ದೇನೆ. ಪೋಡಿ ಅಂದರೆ ಹೊಲ ಪಾಲು ಮಾಡಿ ಅಳೆಯುವುದು, ಹದ್ದುಬಸ್ತು ಅಂದರೆ ಗಡಿ ಗುರುತಿಸುವುದು, ಇದೇ ದಿನದ ಕೆಲಸ. ಒಮ್ಮೆ ಕುಷ್ಟಗಿ ಕಡೆ ಹದ್ದುಬಸ್ತಿಗೆ ಹೋದಾಗ ಹಳೇ ಗ್ರಾಮ ನಕಾಶೆ ಬಿಡಿಸಿದೆ. ನಕಾಶೆಯ ನಡುವೆ ಗಾವಠಾಣ, ಅಂದರೆ ಊರಿನ ಮನೆಗಳಿರುವ ಜಾಗ, ಇದೆ. ತಲೆ ಎತ್ತಿ ನೋಡಿದರೆ ಮನೆ ಒಂದೂ ಇಲ್ಲ. ಜಾಲಿ ಗಿಡ, ನಾಲ್ಕು ಹುಣಸೆ ಮರ, ಅಷ್ಟೇ. ಊರು ಎಲ್ಲಿ ಎಂದು ಕೇಳಿದೆ. ಹೊಲದ ಯಜಮಾನರು ಹುಣಸೆ ಮರದ ಕಡೆ ಕೈ ತೋರಿಸಿದರು. "ಅದು ಹಾಳೂರು ಸರ. ನಮ್ಮ ಮುತ್ತ್ಯಾನ ಮುತ್ತ್ಯಾ ಬಿಟ್ಟು ಬಂದ ಊರು."

ನಮ್ಮ ದಾಖಲೆಗಳಲ್ಲಿ ಇಂಥ ಊರಿಗೆ ಬೇಚರಾಕ್ ಗ್ರಾಮ ಅನ್ನುತ್ತಾರೆ. ಜನವಸತಿ ಇಲ್ಲದ ಊರು ಅಂತ ಅರ್ಥ. ಮೂಲದಲ್ಲಿ ಪಾರ್ಸಿ ಮಾತು. ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಕೊಪ್ಪಳ, ರಾಯಚೂರು 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದವು. ಅದಕ್ಕೇ ನಮ್ಮ ಕಂದಾಯ ಕಾಗದಗಳಲ್ಲಿ ಇಂಥ ಮಾತು ಬೇಕಾದಷ್ಟಿವೆ. ದಿನಾ ಬರೆಯುತ್ತಿದ್ದ ಮಾತು ಅದು. ಅದರ ಅರ್ಥ ಆವತ್ತು ಆ ಹುಣಸೆ ಮರದ ಕೆಳಗೆ ನಿಂತಾಗಲೇ ನನಗೆ ತಟ್ಟಿದ್ದು.

ಅಲ್ಲಿಂದ ಶುರುವಾಯಿತು. ನಾಲ್ಕು ವರ್ಷದಿಂದ ರಜೆ ಸಿಕ್ಕ ಭಾನುವಾರ ನಾನು, ನನ್ನ ಮಗಳು, ಒಮ್ಮೊಮ್ಮೆ ನನ್ನ ಹೆಂಡತಿಯ ತಮ್ಮ, ಕೊಪ್ಪಳದಿಂದ ಹೊರಟು ಸಂಜೆಯೊಳಗೆ ವಾಪಸ್ ಬರುವಷ್ಟು ದೂರದ ಹಳೇ ಜಾಗಗಳಿಗೆ ಹೋಗುತ್ತೇವೆ. ಕೋಟೆ, ಶಾಸನ, ಬೇಚರಾಕ್ ಊರು, ಯಾವುದಾದರೂ ಸರಿ. ಹಂಪಿ ಹತ್ತಿರವೇ ಇದೆ. ಅದನ್ನು ತೋರಿಸುವವರು ಜಾಸ್ತಿ. ನಾನು ಬರೆಯುತ್ತಿರುವುದು ಉಳಿದವುಗಳ ಬಗ್ಗೆ.

ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ವರ್ಷ ಒಂದೇ ದಿನದಲ್ಲಿ ಮಸ್ಕಿ, ಹಟ್ಟಿ, ಮುದಗಲ್ ಮೂರನ್ನೂ ಮುಗಿಸಲು ಹೊರಟೆವು. ಗಂಗಾವತಿ, ಸಿಂಧನೂರು ದಾಟಿ ಮಸ್ಕಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅಶೋಕನ ಶಾಸನದ ಮುಂದೆ ಹತ್ತು ನಿಮಿಷ ನಿಂತೆವು, ಫೋಟೊ ಹೊಡೆದೆವು, ಓಡಿದೆವು. ಎಂಥ ಜಾಗ ಅದು! 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತಾ ಬಂದಾಗ ಕಂಡ ಬಂಡೆ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಅವು ಅಶೋಕನವೇ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದರು. ಮಸ್ಕಿಯ ಬಂಡೆಯ ಮೇಲೆ 'ಅಸೋಕ' ಎಂಬ ಹೆಸರೇ ಸಿಕ್ಕಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೋಳದಲ್ಲೂ ಆ ಹೆಸರು ಸಿಕ್ಕಿದೆ. ಒಬ್ಬ ಚಕ್ರವರ್ತಿಯ ಹೆಸರು ಗಟ್ಟಿಯಾದ ಜಾಗಕ್ಕೆ ನಾವು ಕೊಟ್ಟದ್ದು ಹತ್ತು ನಿಮಿಷ! ಮುದಗಲ್ ಕೋಟೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮಗಳು ಕಾರಿನಲ್ಲಿ ಮಲಗಿಬಿಟ್ಟಿದ್ದಳು. 1406ರಲ್ಲಿ ವಿಜಯನಗರದ ದೇವರಾಯನಿಗೂ ಬಹಮನಿ ಫಿರೋಜ್ ಶಾಹನಿಗೂ ನಡೆದ ಯುದ್ಧಕ್ಕೆ ಈ ಮುದಗಲ್ಲಿನ ಅಕ್ಕಸಾಲಿಗರ ಹುಡುಗಿಯೇ ಕಾರಣ ಎಂದು ಇತಿಹಾಸಕಾರ ಫರಿಷ್ತಾ ಬರೆದ ಕಥೆಯನ್ನು ಅವಳಿಗೆ ಅಲ್ಲೇ ಹೇಳಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಹಟ್ಟಿ ಬಿಟ್ಟೇಹೋಯಿತು. ಮಸ್ಕಿಗೊಮ್ಮೆ, ಮುದಗಲ್ಲಿಗೊಮ್ಮೆ ಮತ್ತೆ ಬೇರೆಬೇರೆಯಾಗಿ ಹೋಗಿ ಬಂದೆವು.

ಅವತ್ತಿನಿಂದ ಒಂದು ದಿನಕ್ಕೆ ಒಂದೇ ಜಾಗ. ಇದನ್ನು ಮುರಿದಿಲ್ಲ.

ನಮ್ಮ ಸೀಮೆಯಲ್ಲಿ ನಿರ್ಧಾರ ಮಾಡುವುದು ಬಿಸಿಲು. ನವೆಂಬರಿನಿಂದ ಫೆಬ್ರವರಿ ಮಧ್ಯದ ತನಕ ಗುಡ್ಡ ಹತ್ತುತ್ತೇವೆ. ಮಾರ್ಚ್ ಬಂತೆಂದರೆ ಗುಡ್ಡ ಬಂದ್. ಬಂಡೆ ಮಧ್ಯಾಹ್ನ ಮಾತ್ರ ಸುಡುತ್ತದೆ ಅಂತಲ್ಲ. ರಾತ್ರಿ ಎಂಟಕ್ಕೆ ಕೈ ಇಟ್ಟರೂ ಬೆಚ್ಚಗಿರುತ್ತದೆ, ಬೆಳಿಗ್ಗೆ ಬಿಸಿಲು ಬೀಳುತ್ತಲೇ ಮತ್ತೆ ಕಾಯಲು ಶುರು. ಹಾಗಂತ ಕತ್ತಲಲ್ಲಿ ಹತ್ತುವುದೂ ಬೇಡ. ಗಂಗಾವತಿ, ದರೋಜಿ ಸುತ್ತಿನ ಗುಡ್ಡಗಳಲ್ಲಿ ಕರಡಿ ಇವೆ, ಚಿರತೆಯೂ ಇದೆ. ರಾತ್ರಿ ಮೇಯಲು ಹೋದ ಕರಡಿ ಗವಿಗೆ ಮರಳುವ ಹೊತ್ತೇ ನಸುಕು. ಅದಕ್ಕೆ ಐದಕ್ಕೆ ಕೊಪ್ಪಳ ಬಿಟ್ಟು, ಗುಡ್ಡದ ಬುಡದಲ್ಲಿ ಚಹಾ ಕುಡಿದು, ಚೆನ್ನಾಗಿ ಬೆಳಕು ಹರಿದ ಮೇಲೆ ಹತ್ತುತ್ತೇವೆ. ಹನ್ನೊಂದರೊಳಗೆ ಕೆಳಗಿರುತ್ತೇವೆ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಇಷ್ಟು ಸಾಕು.

ಮೂರು ಲೀಟರ್ ಎಂಬ ಲೆಕ್ಕ ಹಿರೇಬೆಣಕಲ್ ಕಲಿಸಿದ್ದು. ಗಂಗಾವತಿಗೆ ಹೋಗುವ ದಾರಿಯಲ್ಲೇ, ಗಂಗಾವತಿ ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಆ ಊರು. ಊರ ಹಿಂದಿನ ಗುಡ್ಡಸಾಲಿನ ಮೇಲೆ ಮೋರ್ಯರ ಮನೆಗಳಿವೆ. ಮೋರ್ಯರು ಹಿಂದಿನ ಕಾಲದ ಗಿಡ್ಡ ಜನ, ಅವರು ಕಟ್ಟಿಕೊಂಡ ಮನೆಗಳಿವು ಎಂದು ಊರವರ ನಂಬಿಕೆ. ಅವು ಮನೆಗಳಲ್ಲ, ಕಬ್ಬಿಣದ ಯುಗದವರು ಸತ್ತವರಿಗಾಗಿ ಕಟ್ಟಿದ ಕಲ್ಲಿನ ಕೋಣೆಗಳು. ಕ್ರಿಸ್ತಪೂರ್ವದ ನಿರ್ಮಾಣ. ಸುಮಾರು 400 ಇವೆ. 1835ರಲ್ಲೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇವುಗಳ ಬಗ್ಗೆ ಬರೆದಿದ್ದರು. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದೆ.

ಮೊದಲ ಸಲ ಹೋದದ್ದು ಏಪ್ರಿಲ್‌ನಲ್ಲಿ. ಮೂವರಿಗೆ ಎರಡು ಬಾಟಲಿ ನೀರು. ಮೇಲೆ ಹೋದ ಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹತ್ತೂವರೆಗೆ ನೀರು ಮುಗಿಯಿತು. ಇಳಿಯುವಾಗ ಭಾವಮೈದ ಒಂದು ಬಂಡೆಗೆ ಒರಗಿ ನಿಂತ. ಬೆವರು ನಿಂತುಹೋಗಿತ್ತು, ಮುಖ ಕೆಂಪು, ಮಾತು ತೊದಲುತ್ತಿತ್ತು. ಎರಡು ಬಂಡೆ ನಡುವಿನ ನೆರಳಿಗೆ ಎಳೆದು ಮಲಗಿಸಿ, ಅಂಗಿ ಬಿಚ್ಚಿ ಟವೆಲ್‌ನಿಂದ ಗಾಳಿ ಹಾಕಿದೆವು. ಅಲ್ಲೇ ಕುರಿ ಕಾಯುತ್ತಿದ್ದ ಅಜ್ಜ ತನ್ನ ನೀರಿನ ಕ್ಯಾನ್ ಪೂರ್ತಿ ಅವನ ತಲೆ ಮೇಲೆ, ಎದೆ ಮೇಲೆ ಸುರಿದ. "ತಮ್ಮಾ, ಈ ಬಿಸಿಲಾಗ ನಾವ ಗಿಡದ ಬುಡ ಬಿಡಂಗಿಲ್ಲ. ನೀವು ಕೂಸು ಕಟಗೊಂಡು ಬಂದೀರಲ್ಲ" ಎಂದ. ಅರ್ಧ ಗಂಟೆ ಆದ ಮೇಲೆ ಭಾವಮೈದ ಸರಿಯಾಗಿ ಮಾತಾಡಿದ. ಆಮೇಲೆ ಕೆಳಗಿಳಿಸಿ ಡಾಕ್ಟರ ಹತ್ತಿರ ಕರೆದೊಯ್ದೆವು. ಅಜ್ಜನ ಅವತ್ತಿನ ಕುಡಿಯುವ ನೀರು ಅದು. ಮುಂದಿನ ವಾರ ಹುಡುಕಿಕೊಂಡು ಹೋಗಿ ಹೊಸ ಕ್ಯಾನ್ ಕೊಟ್ಟು ಬಂದೆ.

ಡಿಸೆಂಬರ್‌ನಲ್ಲಿ ಮತ್ತೆ ಹೋದೆವು. ಅವತ್ತು ಆ ಅಜ್ಜನೇ ದಾರಿ ತೋರಿಸಿದ. ಮೊದಲು ಸಿಗುವುದು ಚಿಕ್ಕ ಚಿಕ್ಕ ಗೂಡುಗಳು. ಮುಂದೆ ಹೋದಂತೆ ದೊಡ್ಡವು, ಒಳಗೆ ಆಳು ನಿಲ್ಲುವಷ್ಟು. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವು ಕೋಣೆಗಳ ನಿಂತ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಮಗಳು ಒಂದು ಕಿಂಡಿಯ ಅಂಚಿನ ಸುತ್ತ ಬೆರಳಾಡಿಸಿದಳು. ಹೊರಗಡೆ ಒರಟು, ಒಳ ಅಂಚು ನುಣುಪು. ಅಳೆಯುವವನಾದ್ದರಿಂದ ಟೇಪ್ ಸದಾ ಜೇಬಿನಲ್ಲಿರುತ್ತದೆ. ಅಡ್ಡ, ಉದ್ದ, ಓರೆ, ಮೂರು ಕಡೆಯಿಂದ ಹಿಡಿದು ನೋಡಿದೆ. ಒಂದು ಬೆರಳಿನಷ್ಟು ಕೂಡ ವ್ಯತ್ಯಾಸ ಬರಲಿಲ್ಲ. ಕೋಣೆಗಳ ನಡುವೆ ಒಂದು ಕೊಳ ಇದೆ. ಪಕ್ಕದಲ್ಲೇ ಬಂಡೆ ಪದರ ಪದರವಾಗಿ ಎದ್ದಿದೆ, ರೊಟ್ಟಿ ಉಬ್ಬಿದ ಹಾಗೆ. ಚಪ್ಪಡಿ ಎಲ್ಲಿಂದ ಬಂತು ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ಎತ್ತರದ ಬಂಡೆಯ ಮೇಲೆ ಅರೆಗೋಳದ ಹಾಗೆ ಒಂದು ಗುಂಡು ಕೂತಿದೆ. ಅದಕ್ಕೆ ನಗಾರಿ ಗುಂಡು ಅನ್ನುತ್ತಾರೆ. ಬಡಿದರೆ ದೂರದವರೆಗೆ ಕೇಳುತ್ತದೆ. ದಯವಿಟ್ಟು ಕಲ್ಲಿನಿಂದ ಬಡಿಯಬೇಡಿ. ಬಡಿದವರ ಗುರುತು ಈಗಾಗಲೇ ಬಹಳ ಇವೆ.

ಹಿರೇಬೆಣಕಲ್ಲಿಗೆ ಹೋಲಿಸಿದರೆ ಕುಮ್ಮಟದುರ್ಗಕ್ಕೆ ಹೋಗುವವರು ಇನ್ನೂ ಕಡಿಮೆ. ಗಂಗಾವತಿ ತಾಲೂಕಿನ ಜಬ್ಬಲಗುಡ್ಡದ ಹತ್ತಿರ. ಕಂಪಿಲರಾಯನ, ಅವನ ಮಗ ಗಂಡುಗಲಿ ಕುಮಾರರಾಮನ ಕೋಟೆ. 1327ರ ಹೊತ್ತಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಈ ರಾಜ್ಯ ಬಿತ್ತು. ಒಂಬತ್ತು ವರ್ಷಕ್ಕೆ, ಹೊಳೆಯ ಆಚೆಗೆ, ವಿಜಯನಗರ ಎದ್ದಿತು ಎಂಬುದು ಎಲ್ಲರಿಗೂ ಗೊತ್ತಿದೆ. ಅದಕ್ಕೆ ಮುಂಚೆ ಇಲ್ಲೊಂದು ಊರು ಹೋರಾಡಿ ಹಾಳಾಯಿತು ಎಂಬುದು ನಮ್ಮ ಮಕ್ಕಳಿಗೂ ಗೊತ್ತಿರಬೇಕು ಅಲ್ವಾ? ಗೋಡೆ ಅಲ್ಲಲ್ಲಿ ಉಳಿದಿದೆ, ಉಳಿದದ್ದು ಬಂಡೆ ಮತ್ತು ಮುಳ್ಳು. ಊರಿನ ಒಬ್ಬರನ್ನು ಕರೆದುಕೊಂಡೇ ಹೋಗಿ. ದಾರಿ ಸುಮ್ನೆ ಸಿಗುವುದಿಲ್ಲ.

ಗುಡ್ಡ ಹತ್ತಲಾಗದ ಹಿರಿಯರು ಜೊತೆಗಿದ್ದರೆ ಇಟಗಿಗೆ ಹೋಗುತ್ತೇವೆ. ಮಹಾದೇವ ದಂಡನಾಯಕ 1112ರಲ್ಲಿ ಕಟ್ಟಿಸಿದ ಗುಡಿ, ಶಾಸನದಲ್ಲೇ ದೇವಾಲಯ ಚಕ್ರವರ್ತಿ ಎಂದು ಹೊಗಳಿಕೆ ಇದೆ. ಕಾರು ಬಾಗಿಲ ತನಕ ಹೋಗುತ್ತದೆ.

ಈಗ ಬೇಚರಾಕ್ ಊರಿನ ಮಾತು. ಹುಡುಕುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಗ್ರಾಮ ನಕಾಶೆಗಳು ಭೂದಾಖಲೆ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗ ಯಾವ ಊರಿನ ಯಾವ ಸರ್ವೆ ನಂಬರ್ ಎಂದು ತೋರಿಸುತ್ತದೆ. ನಿಂತ ಜಾಗದಲ್ಲಿ ಮನೆ ಇಲ್ಲ, ಆದರೆ ಅದಕ್ಕೆ ಬೇರೆಯೇ ಊರ ಹೆಸರಿದೆ ಅಂದರೆ ಬೇಚರಾಕ್ ಇರಬಹುದು. ಆಮೇಲೆ ಆ್ಯಪ್ ಒಳಗಿಟ್ಟು ಕುರಿಗಾಹಿಗಳನ್ನು ಕೇಳಿ. "ಇಲ್ಲಿ ಹಾಳೂರು ಎಲ್ಲೈತ್ರಿ?" ಅಂದರೆ ಸಾಕು.

ಹೋದ ಮೇಲೆ ಏನು ನೋಡಬೇಕು? ಮೊದಲು ಮಣ್ಣು. ಸುತ್ತಲಿನ ಎರೆ ಹೊಲ ಕಪ್ಪಗಿದ್ದರೆ ಊರಿದ್ದ ಜಾಗ ಬೂದಿ ಬಣ್ಣದ ದಿಬ್ಬವಾಗಿರುತ್ತದೆ. ಬಿದ್ದ ಮಣ್ಣಿನ ಗೋಡೆ, ಮಾಳಿಗೆ ಮೇಲಿನ ಮಣ್ಣು, ಒಲೆಯ ಬೂದಿ, ತಿಪ್ಪೆ ಎಲ್ಲ ಸೇರಿ ಆದ ದಿಬ್ಬ. ಮಳೆ ಬಿದ್ದ ಮರುದಿನ ಹೋದರೆ ಮಡಕೆಯ ಬೋಕಿಗಳು ತೊಳೆದಿಟ್ಟ ಹಾಗೆ ಮೇಲೆ ಕಾಣುತ್ತವೆ. ಅಗಸಿ, ಅಂದರೆ ಊರ ಬಾಗಿಲು, ಇದ್ದ ಕಡೆ ಎರಡು ಉದ್ದ ಕಲ್ಲು, ಅದರ ಹತ್ತಿರ ಊರು ಕಟ್ಟುವಾಗ ನೆಟ್ಟ ಕರಿಗಲ್ಲು. ಒಂದು ಬಾವಿ. ಒಂದು ಹನುಮಪ್ಪನ ಗುಡಿ. ದೊಡ್ಡ ಊರಾಗಿದ್ದರೆ ಅರ್ಧ ಕುಸಿದ ಹುಡೇವು, ಅಂದರೆ ಕಾವಲು ಬುರುಜು.

ಹಗೇವಿನ ಬಗ್ಗೆ ಮಾತ್ರ ಎಚ್ಚರ. ಜೋಳ ತುಂಬಿಡಲು ನೆಲದೊಳಗೆ ತೆಗೆದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಒಂದು ಕೋಣೆಯಷ್ಟು. ಹಿಂದೆ ಜೋಳ ತೆಗೆಯುವ ಮುಂಚೆ ಬಾಯಿ ತೆರೆದು ಕೆಟ್ಟ ಗಾಳಿ ಹೋಗುವ ತನಕ ಕಾಯುತ್ತಿದ್ದರು. ಹಾಳೂರಲ್ಲಿ ಈ ಬಾಯಿಗಳು ಹುಲ್ಲು ಮುಚ್ಚಿಕೊಂಡಿರುತ್ತವೆ. ನಾನು ಕೋಲು ಕುಟ್ಟದೆ ಹೆಜ್ಜೆ ಇಡುವುದಿಲ್ಲ. ನೆಲ ಟೊಳ್ಳು ಸದ್ದು ಕೊಟ್ಟರೆ ಹಿಂದೆ ಸರಿಯುತ್ತೇನೆ.

ಊರು ಯಾಕೆ ಬಿಟ್ಟರು ಎಂದು ಕೇಳಿದಾಗ ಸಿಗುವ ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಬರ ಬಂತು. ಪ್ಲೇಗ್ ಬಂತು. ದರೋಡೆ ಜಾಸ್ತಿಯಾಯಿತು. ಬಾವಿ ಸವುಳಾಯಿತು. ಒಂದು ಕಡೆ ಚೇಳಿನ ಕಾಟ ಅಂದರು. ಬಳ್ಳಾರಿ ಸೀಮೆಯನ್ನು 1876ರಿಂದ 78ರ ಬರ ಹೇಗೆ ಅರೆಯಿತು ಎಂಬುದು ದಾಖಲೆಯಲ್ಲಿದೆ. ಉಳಿದ ಕಾರಣಗಳು ಜನರ ಬಾಯಲ್ಲಿ ಮಾತ್ರ ಇವೆ. ಅವರು ಹೋದರೆ ಅವೂ ಹೋಗುತ್ತವೆ. ಅದಕ್ಕೇ ಬರೆದುಕೊಳ್ಳಿ.

ನಾನು ಹೋದ ಬೇಚರಾಕ್ ಊರುಗಳ ಹೆಸರು ಇಲ್ಲಿ ಹಾಕುತ್ತಿಲ್ಲ. ನಿಧಿ ಆಸೆಗೆ ಅಗೆಯುವವರ ಕಾಟ ವಿಪರೀತವಾಗಿದೆ. ಕುಷ್ಟಗಿ ಕಡೆಯ ಆ ಮೊದಲ ಹಾಳೂರಲ್ಲೇ ಹೋದ ವರ್ಷ ಕರಿಗಲ್ಲನ್ನು ಬುಡಸಮೇತ ಕಿತ್ತು ಉರುಳಿಸಿದ್ದರು. ಕೆಳಗೆ ಆಳುದ್ದ ಗುಂಡಿ, ಅರ್ಧ ನಿಂಬೆಹಣ್ಣು, ಕುಂಕುಮ. ನೋಡಿ ಹೊಟ್ಟೆ ಉರಿಯಿತು. ನಾವು ಬೋಕಿ ಎತ್ತಿ ನೋಡುತ್ತೇವೆ, ಇದ್ದಲ್ಲೇ ಇಡುತ್ತೇವೆ. ಮಗಳಿಗೂ ಅದೇ ಕಟ್ಟಪ್ಪಣೆ.

ಆ ಕಲ್ಲನ್ನು ಅಕ್ಕಪಕ್ಕದ ಹೊಲದವರು ಟ್ರ್ಯಾಕ್ಟರ್ ಕಟ್ಟಿ ಮತ್ತೆ ನಿಲ್ಲಿಸಿದರು. ಶ್ರಾವಣದ ಕೊನೇ ಶನಿವಾರ ಬರಬೇಕು ಎಂದು ನನ್ನನ್ನೂ ಕರೆದರು. ಹೋದೆವು. ಸುತ್ತಲ ನಾಲ್ಕು ಊರುಗಳಿಂದ ಜನ ಬಂದಿದ್ದರು. ಊರು ಬಿಟ್ಟು ಎಷ್ಟು ತಲೆಮಾರಾಯಿತೋ, ಅವರಲ್ಲಿ ಬಹಳ ಮಂದಿಯ ಅಡ್ಡಹೆಸರು ಇವತ್ತಿಗೂ ಆ ಹಾಳೂರಿನದೇ. ಹನುಮಪ್ಪನಿಗೆ ಕಾಯಿ ಒಡೆದು, ಹುಗ್ಗಿ ಮಾಡಿದರು. ಹೊತ್ತು ಮುಳುಗುವಾಗ ಒಬ್ಬ ಅವ್ವ ಹಣತೆಗೆ ಎಣ್ಣೆ ಹಾಕಿ ಬತ್ತಿಯನ್ನು ನನ್ನ ಮಗಳ ಕೈಗೆ ಕೊಟ್ಟರು. "ನೀನ ಹಚ್ಚವ್ವಾ" ಎಂದರು. ಗಾಳಿ ಇತ್ತು. ಎರಡು ಸಲ ಆರಿತು. ಮೂರನೇ ಸಲ ಅವ್ವ ಸೆರಗು ಅಡ್ಡ ಹಿಡಿದರು.