ಗೇಮಿಂಗ್ ಗ್ರೂಪಿನಲ್ಲಿ ಕಿರುಕುಳದ ದೂರು ಬಂದರೆ ಅಡ್ಮಿನ್ ಮಾಡಬೇಕಾದದ್ದು

ದಾವಣಗೆರೆಯಂಥ ಊರಿನ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಮೊಬೈಲ್ ಆಟ) ಗ್ರೂಪಿನಲ್ಲಿ ದೂರು ಕೊಟ್ಟವಳೂ ಕಾಟ ಕೊಟ್ಟವನೂ ಒಂದೇ ಕಾಲೇಜಿನವರಾಗಿರಬಹುದು, ವಿದ್ಯಾನಗರದ ಒಂದೇ ಬೀದಿಯವರೂ ಆಗಿರಬಹುದು. ಯಾರು ದೂರಿದರೆಂದು ಒಬ್ಬ ಅಡ್ಮಿನ್ ಬಾಯಿಬಿಟ್ಟರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಹಾಗಾಗಿ ದೂರು ಬಂದ ಕೂಡಲೇ ಗ್ರೂಪಿನಲ್ಲಿ ಏನೂ ಬರೆಯಬೇಡಿ, ಬ್ಯಾನ್ ಬಟನ್ನಿಗೂ ಕೈ ಹಾಕಬೇಡಿ. ಮೊದಲು ಪುರಾವೆ ಉಳಿಸಿ.

ಹೆಚ್ಚು ದೂರುಗಳು ಕೆಡುವುದು ಇಲ್ಲೇ. ಗೇಮರ್‌ಗಳು ಮಾತಾಡಲು ಬಳಸುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಒಬ್ಬನನ್ನು ಬ್ಯಾನ್ ಮಾಡುವಾಗ ಆತನ ಹಳೆಯ ಮೆಸೇಜುಗಳನ್ನೂ ಅಳಿಸುವ ಆಯ್ಕೆ ಬರುತ್ತದೆ. 7 ದಿನದವರೆಗಿನದು ಒಂದೇ ಸಲ ಹೋಗಿಬಿಡುತ್ತದೆ. ಅಳಿಸಿಹೋದ ಮೆಸೇಜನ್ನು ಆಮೇಲೆ ಕಂಪನಿಗೆ ರಿಪೋರ್ಟ್ ಮಾಡಲೂ ಬರುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಹೆಸರು, ತಾರೀಖು, ಗಂಟೆ ಮೂರೂ ಕಾಣಬೇಕು; ಹಿಂದುಮುಂದಿನ ಹತ್ತಾರು ಸಾಲೂ ಇರಲಿ, ಇಲ್ಲದಿದ್ದರೆ "ತಮಾಷೆಗೆ ಅಂದದ್ದು" ಎಂಬ ವಾದಕ್ಕೆ ಉತ್ತರವಿರುವುದಿಲ್ಲ. ಕತ್ತರಿಸಬೇಡಿ, ಮೇಲೆ ಗೆರೆ ಎಳೆಯಬೇಡಿ. ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ಯೂಸರ್ ಐಡಿ ಮತ್ತು ಮೆಸೇಜ್ ಲಿಂಕ್ ಕಾಪಿ ಮಾಡಿಕೊಳ್ಳಿ. ಹೆಸರು ನಾಳೆ ಬದಲಾಗುತ್ತದೆ, ಐಡಿ ಬದಲಾಗದು. ಬಿಜಿಎಂಐನ ಅಂಕಿಯ ಐಡಿಯೂ ಹಾಗೆಯೇ. ವಾಟ್ಸಾಪ್ ಆದರೆ ಫೋನ್ ನಂಬರ್ ಕಾಣುವ ಚಿತ್ರ, ಜೊತೆಗೆ ಚಾಟ್ ಎಕ್ಸ್‌ಪೋರ್ಟ್. ಚಿತ್ರಗಳನ್ನು ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಗುಣಮಟ್ಟ ಕುಗ್ಗುವುದಿಲ್ಲ. ದೂರು ಕೊಟ್ಟವರ ಫೋನಿನಲ್ಲಿರುವ ಮೂಲ ಚಾಟ್ ಹಾಗೇ ಇರಲಿ, ಪೊಲೀಸರು ಅದನ್ನೇ ಕೇಳಬಹುದು.

ವಾಯ್ಸ್ ಚಾಟ್ ಡಿಸ್ಕಾರ್ಡ್‌ನಲ್ಲಿ ತಾನಾಗಿ ರೆಕಾರ್ಡ್ ಆಗುವುದಿಲ್ಲ. ಯಾರ್‍ಯಾರು ರೂಮಿನಲ್ಲಿದ್ದರು, ಎಷ್ಟು ಗಂಟೆ, ಆಡಿದ ಮಾತು ಯಾವುದು ಎಂಬುದನ್ನು ಅಂದೇ ಬರೆದಿಡಿ. ಕೇಳಿಸಿಕೊಂಡವರನ್ನು ಬೇರೆ ಬೇರೆಯಾಗಿ ವಿಚಾರಿಸಿ.

ಇಷ್ಟಾದ ಮೇಲೆ ಆರೋಪಿಗೆ 1 ದಿನದ ಟೈಮ್‌ಔಟ್ (ಮೆಸೇಜ್ ಹಾಕದಂತೆ ತಾತ್ಕಾಲಿಕ ತಡೆ) ಹಾಕಿ. ಆರೋಪಿ ಅಡ್ಮಿನ್‌ನ ಗೆಳೆಯನೋ ಸ್ಕ್ವಾಡಿನವನೋ ಆಗಿದ್ದರೆ ಆ ಅಡ್ಮಿನ್ ದೂರ ಉಳಿಯಲೇಬೇಕು.

ದೂರು ಕೊಟ್ಟವರೊಡನೆ ಒಬ್ಬರೇ ಮಾತಾಡಿ, ಹುಡುಗಿಯಾದರೆ ಸಾಧ್ಯವಿದ್ದಷ್ಟು ಮಹಿಳಾ ಅಡ್ಮಿನ್. ಏನಾಯಿತು, ಯಾವಾಗಿನಿಂದ, ಆತ ಹೊರಗೂ ಪರಿಚಯವೇ, ನಮ್ಮಿಂದ ಏನಾಗಬೇಕು ಎಂದಷ್ಟೇ ಕೇಳಿ. "ರಾತ್ರಿ ಹೊತ್ತು ಯಾಕೆ ಆಡ್ತಿದ್ದೆ?" ಎಂಬ ಪ್ರಶ್ನೆ ಬೇಡವೇ ಬೇಡ. ಇಬ್ಬರನ್ನೂ ಒಂದೇ ಕರೆಯಲ್ಲಿ ಕೂರಿಸಿ ರಾಜಿ ಪಂಚಾಯ್ತಿ ಮಾಡುವುದು ಇನ್ನೂ ಕೆಟ್ಟದ್ದು. ಹೆದರಿದವರು ಅಲ್ಲಿ ಹೂಂ ಅಂದು ಮರುದಿನ ಗ್ರೂಪ್ ಬಿಡುತ್ತಾರೆ, ಕಾಟ ಕೊಟ್ಟವನು ಉಳಿಯುತ್ತಾನೆ.

ಆಟದ ಬಿಸಿಯಲ್ಲಿ ಹಾರಿದ ಒಂದು ಬೈಗುಳಕ್ಕೆ ಎಚ್ಚರಿಕೆ ಸಾಕು. ಲೈಂಗಿಕ ಮಾತು, ಜಾತಿ ನಿಂದನೆ, ಬೆದರಿಕೆ, ಫೋನ್ ನಂಬರ್ ಹರಿಬಿಡುವುದು: ಇವಕ್ಕೆ ಎಚ್ಚರಿಕೆ ಬೇಡ, ಬ್ಯಾನ್ ಮಾಡಿ, ಮೆಸೇಜುಗಳನ್ನು ಅಳಿಸದೆ.

ಬೇಡವೆಂದರೂ ಒಬ್ಬ ಗಂಡಸು ಹೆಂಗಸಿನ ಬೆನ್ನು ಬಿಡದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನ ಅಪರಾಧ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ದಾವಣಗೆರೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು. ವಯಸ್ಕರ ವಿಷಯದಲ್ಲಿ ಆ ತೀರ್ಮಾನ ಅವರದೇ. ಜೊತೆಗೆ ಹೋಗುವವರು ಬೇಕೇ ಎಂದು ಕೇಳಿ.

18 ತುಂಬದವರ ಮೇಲಿನ ಲೈಂಗಿಕ ಕಿರುಕುಳವಾದರೆ ಆಯ್ಕೆಯಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. 1098 ಮಕ್ಕಳ ಸಹಾಯವಾಣಿ. ಮಗುವಿನ ಅಶ್ಲೀಲ ಚಿತ್ರ ಬಂದಿದ್ದರೆ ಅದರ ಸ್ಕ್ರೀನ್‌ಶಾಟ್ ಕೂಡ ತೆಗೆಯಬೇಡಿ, ಯಾರಿಗೂ ಕಳಿಸಬೇಡಿ, ಅದೂ ಅಪರಾಧವಾಗುತ್ತದೆ. ಲಿಂಕ್, ಐಡಿ, ಸಮಯ ಬರೆದುಕೊಂಡು ಠಾಣೆಗೆ ಹೋಗಿ.

ಕ್ರಮ ಕೈಗೊಂಡ ಮೇಲೆ ದೂರು ಕೊಟ್ಟವರಿಗೆ ತಿಳಿಸಿ. ಎರಡು ವಾರ ಬಿಟ್ಟು ಮತ್ತೆ ಕೇಳಿ: ಹೊಸ ಅಕೌಂಟಿನಿಂದ ಮೆಸೇಜ್ ಬರುತ್ತಿದೆಯೇ, ಕಾಲೇಜಿನಲ್ಲಿ ಯಾರಾದರೂ ಕೆಣಕಿದರೇ? ಹೌದೆಂದರೆ ಅದನ್ನೂ ಮೊದಲು ಉಳಿಸಿದ ಪುರಾವೆಗಳ ಜೊತೆ ಸೇರಿಸಿ.