ಪೊರೆ ಆಪರೇಷನ್ ಆದ ಮೇಲೆ ಮತ್ತೆ ಸ್ಟಿಯರಿಂಗ್ ಹಿಡಿದದ್ದು

ನನಗೆ 63 ವರ್ಷ. ಪ್ರತಿ ಭಾನುವಾರ ಹಾಸನದಿಂದ ಬೇಲೂರಿಗೆ ಕಾರಲ್ಲಿ ಹೋಗಿ ಅಮ್ಮನನ್ನು ನೋಡಿ ಬರುತ್ತೇನೆ. ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದಾಗ ಮೊದಲು ನೆನಪಾದದ್ದು ಆ ಭಾನುವಾರಗಳೇ.

ಎಡಗಣ್ಣಿನ ಆಪರೇಷನ್ ಮೊದಲು ಆಯಿತು. ಮಾರನೇ ದಿನ ಪಟ್ಟಿ ತೆಗೆದರು. ಎಡಗಣ್ಣಲ್ಲಿ ನೋಡಿದರೆ ಗೋಡೆ ಹಾಲಿನಷ್ಟು ಬಿಳುಪು, ಬಲಗಣ್ಣಲ್ಲಿ ನೋಡಿದರೆ ಅದೇ ಗೋಡೆ ಹಳದಿ. ದೂರದ ಬೋರ್ಡು ಕನ್ನಡಕವಿಲ್ಲದೆ ಓದಿದೆ. ಇನ್ನೇನು, ಕಾರು ತೆಗೆಯಬಹುದು ಅನ್ನಿಸಿಬಿಡುತ್ತದೆ. ದಯವಿಟ್ಟು ಆಗ ತೆಗೆಯಬೇಡಿ.

ನನ್ನ ಬಲಗಣ್ಣಿಗೆ ಇನ್ನೂ ಮೈನಸ್ 5 ಪವರ್ ಇತ್ತು. ಆಪರೇಷನ್‌ನಲ್ಲಿ ಎಡಗಣ್ಣಿನ ಒಳಗೆ ಹಾಕಿದ್ದು ದೂರ ಕಾಣುವ ಲೆನ್ಸ್. ಕನ್ನಡಕ ತೆಗೆದರೆ ಬಲಗಣ್ಣು ಮಬ್ಬು. ಎಡಗಡೆ ಗಾಜು ತೆಗೆಸಿ ಹಾಕಿಕೊಂಡರೆ ಎರಡು ಕಣ್ಣಿಗೂ ಬೇರೆ ಬೇರೆ ಗಾತ್ರದಲ್ಲಿ ಕಾಣುತ್ತಿತ್ತು, ತಲೆ ಸುತ್ತುತ್ತಿತ್ತು. ಒಂದು ಬೆಳಿಗ್ಗೆ ಕಾಫಿ ಬಗ್ಗಿಸಲು ಹೋದೆ, ಅರ್ಧ ಲೋಟದ ಹೊರಗೆ ಬಿತ್ತು. ಒಂದು ಗೇಣಿನ ಅಂದಾಜೇ ಸಿಗದವನು ಎದುರು ಬರುವ ಬಸ್ಸಿನ ದೂರ ಹೇಗೆ ಅಳೆಯಲಿ? ಐದು ವಾರದ ನಂತರ ಬಲಗಣ್ಣಿನದೂ ಆಯಿತು. ಅಲ್ಲಿಯವರೆಗೆ ಸ್ಟಿಯರಿಂಗ್ ಮುಟ್ಟಲಿಲ್ಲ.

ಆ ಭಾನುವಾರಗಳಲ್ಲಿ ಮಗಳು ಕಾರು ಓಡಿಸಿದಳು. ನಾನು ಪಕ್ಕದ ಸೀಟು. "ಅಪ್ಪ, ಮುಂದೆ ಏನಿದೆ ಹೇಳ್ತಾ ಹೋಗು" ಅಂದಳು. ಹಂಪು, ದನ, ಹಗರೆಯ ಹತ್ತಿರ ಹಳೇಬೀಡಿಗೆ ತಿರುಗುವ ಬೋರ್ಡು, ಎಲ್ಲ ಕಂಡ ಕೂಡಲೇ ಹೇಳುತ್ತಿದ್ದೆ. ಶುರುವಿನಲ್ಲಿ ಹಂಪುಗಳನ್ನು ಅವಳೇ ಮೊದಲು ಹೇಳುತ್ತಿದ್ದಳು. ಎರಡನೇ ಆಪರೇಷನ್ ಆದ ಮೇಲೆ ನಾನು ಮೊದಲು ಹೇಳತೊಡಗಿದೆ. ನನಗೆ ಧೈರ್ಯ ಬಂದದ್ದು ಹಾಗೆ.

ಡಾಕ್ಟರು ಪರೀಕ್ಷೆ ಮಾಡಿ, ಓಡಿಸಬಹುದು ಅಂದ ಮೇಲೂ ಮನೆ ಮುಂದೆ ಒಂದು ಸಲ ನೋಡಿಕೊಂಡೆ. ಲೈಸೆನ್ಸ್ ಅರ್ಜಿಯ ಫಾರಂನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಬಲ್ಲಿರಾ ಅಂತ ಕೇಳುತ್ತಾರಲ್ವಾ, ಅದನ್ನೇ ಟೇಪು ಹಿಡಿದು ಅಳೆದೆ. ಒಂದೊಂದೇ ಕಣ್ಣು ಮುಚ್ಚಿ ಓದಿದೆ. ಸರಿಯಾಗಿ ಬಂತು.

ಆದರೆ ಸೀಟಲ್ಲಿ ಕೂತಾಗ ಸ್ಪೀಡೋಮೀಟರ್ ಮಸುಕು. ದೂರದ ಲೆನ್ಸ್ ಹಾಕಿಸಿಕೊಂಡವರಿಗೆ ಕೈಯಳತೆಯಲ್ಲಿರುವುದು ಹೀಗೆ ಮಸುಕಾಗಬಹುದು. ಕಣ್ಣು ಪೂರ್ತಿ ವಾಸಿಯಾದ ಮೇಲೆ, ದೂರದ್ದೂ ಹತ್ತಿರದ್ದೂ ಒಂದೇ ಗಾಜಿನಲ್ಲಿ ಕಾಣುವ ಪ್ರೋಗ್ರೆಸ್ಸಿವ್ ಕನ್ನಡಕ ಮಾಡಿಸಿದೆ, ಮೀಟರ್ ಸ್ಪಷ್ಟವಾಯಿತು. ಓದುವ ಕನ್ನಡಕ ಹಾಕಿ ಮಾತ್ರ ಓಡಿಸಬೇಡಿ, ರಸ್ತೆಯೇ ಮಬ್ಬಾಗುತ್ತದೆ.

ಮೊದಲ ವಾರ ಬೆಳಿಗ್ಗೆ ಒಂಬತ್ತರ ನಂತರ, ನಮ್ಮ ಬಡಾವಣೆಯಲ್ಲಿ ಮಾತ್ರ. ಆಮೇಲೆ ಬೇಲೂರು, ಹಗಲಲ್ಲೇ ಹೋಗಿ ಹಗಲಲ್ಲೇ ವಾಪಸ್. ಸಂಜೆ ಬೇಲೂರಿನ ಕಡೆ ಹೋಗುವಾಗ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ಆ ಹೊತ್ತು ಬಿಟ್ಟೆ.

ರಾತ್ರಿ ಓಡಿಸಿ ನೋಡಲು ತುಂಬ ತಡ ಮಾಡಿದೆ. ಎದುರಿನ ದೀಪಗಳ ಸುತ್ತ ಬಳೆ ಹಾಕಿದ ಹಾಗೆ ಬೆಳಕು, ಹೈಬೀಮ್ ಬಂದರಂತೂ ನಕ್ಷತ್ರದ ಹಾಗೆ ಕಿರಣ. ವಾರ ಕಳೆದ ಹಾಗೆ ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ಮುಂದಿನ ಗಾಜಿನ ಒಳಭಾಗದ ಜಿಡ್ಡು ಒರೆಸಿದ್ದರಿಂದ ಜಾಸ್ತಿ ಉಪಯೋಗವಾಯಿತು. ಈಗಲೂ ಕತ್ತಲಾದರೆ ಮಗಳಿಗೇ ಕೀ ಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಮಾತ್ರ ನಾನೇ ಓಡಿಸಿಕೊಂಡು ಹೋಗುತ್ತೇನೆ. ಅಮ್ಮ ಜಗಲಿಯಲ್ಲಿ ಕೂತಿರುವುದು ತಿರುವಿನಿಂದಲೇ ಕಾಣುತ್ತದೆ.